ಮೊಲದ ಆರೋಗ್ಯವೋ, ಬಂಡವಾಳದ ಆರೋಗ್ಯವೋ?

ದ್ರಾಕ್ಷಿಯ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಬೀಜಗಳ ಹಿಪ್ಪೆ, ಆಲಿವ್ ಕಾಯಿಯಿಂದ ಎಣ್ಣೆ ತೆಗೆದ ಮೇಲಿನ ಹಿಂಡಿ, ಸಕ್ಕರೆ ತೆಗೆದ ಬೀಟ್ ಗೆಡ್ಡೆಯ ತಿರುಳು, ಸೇಬಿನ ಹಿಪ್ಪೆ, ಟೊಮೆಟೊ ಸಿಪ್ಪೆ, ಗೋಧಿಯ ಬೂಸಾ ಮೊದಲಾದ ಬೆಳೆಯ ಉಳಿಕೆಗಳನ್ನು ಸಾಕುಮೊಲಗಳ ಮೇವಿನಲ್ಲಿ ಬೆರೆಸಿದರೆ ಅವುಗಳ ಆರೋಗ್ಯ ಸುಧಾರಿಸುತ್ತದೆಂದು ಸ್ಪೇನ್, ಫ್ರಾನ್ಸ್, ಇಟಲಿಗಳ ವಿಜ್ಞಾನಿಗಳು ಹಲವು ವರ್ಷಗಳಿಂದ ಬರೆಯುತ್ತಿದ್ದಾರೆ. ಎಸೆಯತಕ್ಕ ವಸ್ತುವಿಗೆ ಸದ್ವಿನಿಯೋಗ, ಮನುಷ್ಯರ ಧಾನ್ಯದ ಉಳಿತಾಯ, ಮೂಕಪ್ರಾಣಿಗೆ ರೋಗಮುಕ್ತಿ, ಔಷಧಗಳ ಬಳಕೆಯಲ್ಲಿ ಇಳಿಕೆ. ಒಂದೇ ಕಾರ್ಯದಿಂದ ನಾಲ್ಕು ಪುಣ್ಯ. ಇದರಲ್ಲಿ ಜೀವದಯೆಯನ್ನೇ ಕಾಣುವವರು ನಮ್ಮ ನಡುವೆಯೂ ಇದ್ದಾರೆ. ಆಕ್ಷೇಪಿಸಲು ಇದರಲ್ಲಿ ಏನಿದೆ ಎಂದು ಅವರು ಕೇಳುತ್ತಾರೆ. ಇದೆ ಎಂಬುದೇ ಈ ಲೇಖನದ ವಾದ. ಆದರೆ ಆಕ್ಷೇಪಿಸುವ ಮುನ್ನ ವಿಷಯವನ್ನು ಯಥಾರ್ಥವಾಗಿ ತಿಳಿಯುವುದು ವಿಚಾರವಂತರ ಕರ್ತವ್ಯ.

ಮೊಲವು ನಾರನ್ನೇ ನಂಬಿ ಬದುಕುವ ಪ್ರಾಣಿ. ಅದರ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ಕಡಿದು ಅಗಿಯುತ್ತಿದ್ದರೆ ಮಾತ್ರ ಅವು ಸವೆದು ಹದದಲ್ಲಿರುತ್ತವೆ. ಸಣ್ಣಕರುಳು ಮುಗಿದು ದೊಡ್ಡಕರುಳು ಆರಂಭವಾಗುವಲ್ಲಿ ದೊಡ್ಡ ಚೀಲದಂತಹ ಕುರುಡುಕರುಳಿದೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಆಹಾರದ ನಾರನ್ನು ಹುದುಗಿಸುತ್ತವೆ. ಹೀಗೆ ಹುದುಗಿ ಬಂದ ಮೃದುವಾದ ಹಿಕ್ಕೆಯನ್ನು ಮೊಲವು ನೆಲಕ್ಕೆ ಬೀಳಗೊಡದೆ ಮತ್ತೆ ತಿಂದು, ಅದರಲ್ಲಿನ ಸತ್ತ್ವವನ್ನು ಎರಡನೆಯ ಬಾರಿಗೆ ಪಡೆಯುತ್ತದೆ. ಎಷ್ಟು ಸೂಕ್ಷ್ಮವಾದ ವ್ಯವಸ್ಥೆಯೋ ಅಷ್ಟೇ ಸುಲಭವಾಗಿ ಕೆಡುವ ವ್ಯವಸ್ಥೆ ಇದು. ನಾರು ಕಡಿಮೆಯಾಗಿ ಪಿಷ್ಟ ಹೆಚ್ಚಾದರೆ ಕುರುಡುಕರುಳಿನ ಹುದುಗುವಿಕೆ ಏರುಪೇರಾಗುತ್ತದೆ, ಹಾನಿಕರ ಅಣುಜೀವಿಗಳು ಮೇಲುಗೈ ಪಡೆಯುತ್ತವೆ, ಭೇದಿ ಹತ್ತುತ್ತದೆ. ತಾಯಿಯ ಹಾಲು ಬಿಡಿಸಿದ ಮೊದಲ ಕೆಲವು ವಾರಗಳಲ್ಲಿ ಈ ಅಪಾಯ ಅತ್ಯಧಿಕ.

ಯೂರೋಪಿನ ಸಾಕಣೆಗಾರರು ಮಾಡಿದ್ದೇನು? ಮರಿ ಬೇಗ ಕೊಬ್ಬಲೆಂದು ಶಕ್ತಿಭರಿತವಾದ ಗುಳಿಗೆಮೇವನ್ನು ತಿನ್ನಿಸಿದರು, ತಂತಿಯ ನೆಲದ ಪಂಜರಗಳಲ್ಲಿ ಒತ್ತೊತ್ತಾಗಿ ತುಂಬಿದರು. 1996-97ರ ಸುಮಾರಿಗೆ ಫ್ರಾನ್ಸಿನಲ್ಲಿ ಒಂದು ಹೊಸ ಸಾಂಕ್ರಾಮಿಕ ಕರುಳುಬೇನೆ ಕಾಣಿಸಿಕೊಂಡು ನೆರೆಯ ದೇಶಗಳಿಗೆಲ್ಲ ಹಬ್ಬಿತು. ಹೊಟ್ಟೆಯುಬ್ಬಿ, ನೀರುಭೇದಿಯಾಗಿ ಮರಿಗಳು ರಾಶಿರಾಶಿಯಾಗಿ ಸತ್ತವು. ಅದರ ಮೂಲಕಾರಣದ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲ ಚರ್ಚೆ ನಡೆಯಿತು. ಸಾಕಣೆಗಾರರಿಗೆ ಮಾತ್ರ ಮೇವಿನಲ್ಲಿ ಬೆರೆಸುವ ಆ್ಯಂಟಿಬಯೋಟಿಕ್ ಔಷಧಗಳೇ ಆಸರೆಯಾದವು. ಇಂತಹ ಬಳಕೆಯಿಂದ ಔಷಧಗಳಿಗೆ ಬಗ್ಗದ ರೋಗಾಣುಗಳು ಹುಟ್ಟಿ ಮನುಷ್ಯರಿಗೇ ಕುತ್ತು ಬರುವುದನ್ನು ಕಂಡು ಯೂರೋಪಿಯನ್ ಒಕ್ಕೂಟವು 2006ರ ಜನವರಿ 1ರಿಂದ, ಪ್ರಾಣಿಗಳ ಬೆಳವಣಿಗೆ ಹೆಚ್ಚಿಸಲೆಂದು ಮೇವಿಗೆ ಆ್ಯಂಟಿಬಯೋಟಿಕ್ ಸೇರಿಸುವುದನ್ನು ನಿಷೇಧಿಸಿತು. ರೋಗ ಬರುವ ಮುನ್ನವೇ ಇಡೀ ಹಿಂಡಿಗೆ ಔಷಧಮಿಶ್ರಿತ ಮೇವು ಹಾಕುವ ರೂಢಿಗೂ 2022ರ ಜನವರಿ 28ರಿಂದ ತಡೆ ಬಿತ್ತು. ಔಷಧದ ಬಾಗಿಲು ಹೀಗೆ ಮುಚ್ಚುತ್ತ ಬಂದಂತೆ ಹಿಪ್ಪೆ ಹಿಂಡಿಗಳ ಬಾಗಿಲು ತೆರೆಯಿತು. ಬೀಟ್ ತಿರುಳಿನಲ್ಲಿಯೂ ಸೇಬಿನ ಹಿಪ್ಪೆಯಲ್ಲಿಯೂ ಕರಗುವ ನಾರಿದೆ, ದ್ರಾಕ್ಷಿಯ ಹಿಪ್ಪೆಯಲ್ಲಿ ಒರಟು ನಾರೂ ಒಗರು ದ್ರವ್ಯಗಳೂ ಇವೆ. ಇವನ್ನು ಹದವರಿತು ಬೆರೆಸಿದಾಗ ಕರುಳಿನ ಒಳಪದರ ಗಟ್ಟಿಯಾಗಿ ಭೇದಿಯೂ ಸಾವೂ ಕಡಿಮೆಯಾದುದನ್ನು ತೋರಿಸಿದ ಪ್ರಯೋಗಗಳಿವೆ. ಇದನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಬೂಷ್ಟು ಹಿಡಿದ ಹಿಪ್ಪೆಯಿಂದಲೂ ಕೀಟನಾಶಕದ ಶೇಷದಿಂದಲೂ ಬೇರೆ ಅಪಾಯಗಳುಂಟು. ಅದು ಎಚ್ಚರಿಕೆಯ ಮಾತು, ನಮ್ಮ ವಾದಕ್ಕೆ ಆಧಾರವಲ್ಲ.

ನಮ್ಮ ವಾದವಿರುವುದು ‘ಆರೋಗ್ಯ’ ಎಂಬ ಶಬ್ದದ ಮೇಲೆ. ಮೊಲಕ್ಕೆ ಸಹಜವಾಗಿದ್ದ ನಾರನ್ನು ಮೊದಲು ಕಸಿದುಕೊಂಡದ್ದು ಯಾರು? ಕಸಿದುಕೊಂಡದ್ದರಲ್ಲಿ ಒಂದು ಪಾಲನ್ನು ಮರಳಿಸಿ ಅದಕ್ಕೆ ಉಪಕಾರವೆಂದು ಹೆಸರಿಡುವುದು ಸಾಲಿಗನ ಮನೆಯ ನ್ಯಾಯ.

ಇನ್ನು ಈ ಆರೋಗ್ಯವನ್ನು ಅಳೆಯುವ ಬಗೆಯನ್ನು ನೋಡಿರಿ. ಪ್ರಯೋಗ ಆರಂಭವಾಗುವುದು ಮರಿಯು ಹಾಲು ಬಿಟ್ಟ ದಿನ, ಎಂದರೆ ಹುಟ್ಟಿದ ಸುಮಾರು ಒಂದು ತಿಂಗಳಿಗೆ. ಮುಗಿಯುವುದು ಹತ್ತು, ಹನ್ನೊಂದು ಅಥವಾ ಹನ್ನೆರಡನೆಯ ವಾರದಲ್ಲಿ, ಮೊಲವು ಎರಡು ಎರಡೂವರೆ ಕಿಲೋ ತೂಗಿದಾಗ. ದಿನಕ್ಕೆ ಎಷ್ಟು ಗ್ರಾಂ ತೂಕ ಏರಿತು, ಒಂದು ಕಿಲೋ ತೂಕಕ್ಕೆ ಎಷ್ಟು ಮೇವು ತಗುಲಿತು, ನೂರಕ್ಕೆ ಎಷ್ಟು ಸತ್ತವು, ಕೊಯ್ದ ಮೇಲೆ ಮಾಂಸ ಎಷ್ಟು ದಕ್ಕಿತು ಎಂಬುವೇ ಅಳತೆಗೋಲುಗಳು. ಸುಖವಾಗಿ ಸಾಕಿದರೆ ಎಂಟು ಹತ್ತು ವರ್ಷ ಬದುಕಬಲ್ಲ ಪ್ರಾಣಿಯ ಆರೋಗ್ಯವನ್ನು ಏಳೆಂಟು ವಾರಗಳಲ್ಲಿ ಅಳೆದು ಮುಗಿಸುವ ಶಾಸ್ತ್ರವಿದು! ‘ಸಾವಿನ ಪ್ರಮಾಣ ಇಳಿಯಿತು’ ಎಂದು ಪ್ರಬಂಧದಲ್ಲಿ ಬರೆದಾಗ, ಗೊತ್ತಾದ ದಿನಕ್ಕಿಂತ ಮೊದಲು ಸಾಯುವವುಗಳ ಸಂಖ್ಯೆ ಇಳಿಯಿತು ಎಂದಷ್ಟೇ ಅದರ ಅರ್ಥ. ಗೊತ್ತಾದ ದಿನ ಎಲ್ಲವೂ ಸಾಯುತ್ತವೆ. ಆ ಸಾವು ಲೆಕ್ಕದ ಪುಸ್ತಕದಲ್ಲಿ ಉತ್ಪನ್ನವೆಂಬ ಬೇರೊಂದು ಅಂಕಣಕ್ಕೆ ಸೇರುತ್ತದೆ. ಕೆಲವು ಪ್ರಬಂಧಗಳಲ್ಲಂತೂ ಆರೋಗ್ಯವೆಂದರೆ ಮೊಲದ್ದೂ ಅಲ್ಲ, ತಿನ್ನುವವನದು: ಆಲಿವ್ ಹಿಂಡಿ ತಿಂದ ಮೊಲದ ಕೊಬ್ಬು ಮನುಷ್ಯನ ಹೃದಯಕ್ಕೆ ಎಷ್ಟು ಹಿತ ಎಂಬ ವಿಚಾರಣೆ.

ತಾಯಿಮೊಲಗಳ ಪಾಡನ್ನು ಹೇಳದೆ ಬಿಡುವಂತಿಲ್ಲ. ಮೊಲದ ಗರ್ಭಧಾರಣೆಯ ಅವಧಿ ಸುಮಾರು 31 ದಿನ. ದೊಡ್ಡ ಸಾಕಣೆಕೇಂದ್ರಗಳಲ್ಲಿ ಮರಿ ಹಾಕಿದ ಹನ್ನೊಂದನೆಯ ದಿನವೇ, ಇನ್ನೂ ಹಾಲೂಡಿಸುತ್ತಿರುವಾಗಲೇ, ತಾಯಿಗೆ ಕೃತಕ ಗರ್ಭಧಾರಣೆ ಮಾಡುವುದು ವಾಡಿಕೆ. ಹೀಗೆ 42 ದಿನಕ್ಕೊಂದು ಸೂಲು. ಬಸವಳಿದವುಗಳನ್ನು ತೆಗೆದು ಹೊಸವನ್ನು ತುಂಬುತ್ತ, ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಇಡೀ ಹಿಂಡೇ ಬದಲಾಗಿರುತ್ತದೆ. ಯೂರೋಪಿಯನ್ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ವರದಿಯು, ಸಾಂಪ್ರದಾಯಿಕ ಪಂಜರದಲ್ಲಿರುವ ತಾಯಿಮೊಲಗಳ ಕ್ಷೇಮವು ಇತರ ಪದ್ಧತಿಗಳಿಗಿಂತ ಕೆಳಮಟ್ಟದ್ದೆಂದೂ, ಚಲನೆಯ ನಿರ್ಬಂಧವೇ ಅಲ್ಲಿನ ಮುಖ್ಯ ಸಂಕಟವೆಂದೂ ಹೇಳಿತು. ದ್ರಾಕ್ಷಿಯ ಹಿಪ್ಪೆಯಿಂದ ಪಂಜರ ಒಂದು ಗೇಣಾದರೂ ಅಗಲವಾಗುವುದೇ? ಪಂಜರಗಳನ್ನೇ ರದ್ದುಪಡಿಸಬೇಕೆಂದು ಸುಮಾರು 14 ಲಕ್ಷ ಯೂರೋಪಿಯನ್ ನಾಗರಿಕರು ಸಹಿ ಮಾಡಿ ಕೇಳಿಕೊಂಡಾಗ, 2023ರ ಅಂತ್ಯದೊಳಗೆ ಶಾಸನದ ಪ್ರಸ್ತಾವ ತರುವೆವೆಂದು ಯೂರೋಪಿಯನ್ ಆಯೋಗವು 2021ರ ಜೂನ್‌ನಲ್ಲಿ ಮಾತು ಕೊಟ್ಟಿತು. ಪ್ರಸ್ತಾವವಿಲ್ಲದೆಯೇ ಆ ಗಡುವು ಕಳೆಯಿತು. ಪಂಜರ ಹಾಗೆಯೇ ಉಳಿಯಿತು, ಮೇವು ಮಾತ್ರ ಸುಧಾರಿಸುತ್ತಿದೆ. ರೋಗವಿಲ್ಲದಿರುವುದು ಆರೋಗ್ಯ, ತನ್ನಲ್ಲಿ ತಾನು ನೆಲೆಸಿರುವುದು ಸ್ವಾಸ್ಥ್ಯ. ನೆಲ ತೋಡದ, ನೆಗೆಯದ, ಹಿಂಗಾಲ ಮೇಲೆ ನಿಂತು ಸುತ್ತ ನೋಡಲಾಗದ ಮೊಲಕ್ಕೆ ಮೊದಲನೆಯದನ್ನು ಮೇವಿನಿಂದ ಕೊಡಬಹುದು, ಎರಡನೆಯದನ್ನು ಕೊಡುವ ಹಿಪ್ಪೆ ಯಾವ ಗಾಣದಲ್ಲಿಯೂ ಇಲ್ಲ.

ಕೃಷಿ ವಾಣಿಜ್ಯಗಳಲ್ಲಿ ಗೃಹಸ್ಥನಿಗೆ ಅನಿವಾರ್ಯವಾಗಿ ಒದಗುವ ಉದ್ಯೋಗೀ ಹಿಂಸೆಯ ಸಾಲಿನಲ್ಲಿ ಇದನ್ನು ನಿಲ್ಲಿಸಬಾರದೇಕೆ ಎಂದು ಕೇಳುವವರುಂಟು. ಉಳುವ ನೇಗಿಲಿಗೆ ಸಿಕ್ಕಿ ಸಾಯುವ ಹುಳುವನ್ನು ಕೊಲ್ಲಬೇಕೆಂದು ರೈತನು ಹೊಲಕ್ಕಿಳಿಯುವುದಿಲ್ಲ. ಮಾಂಸದ ಮೊಲವಾದರೋ ಕೊಲ್ಲುವ ದಿನವನ್ನು ನಿಶ್ಚಯಿಸಿದ ನಂತರವೇ ಹುಟ್ಟಿಸಲ್ಪಟ್ಟದ್ದು. ಗರ್ಭಕ್ಕಿಂತ ಮೊದಲು ಸಂಕಲ್ಪವಿದೆ. ಐದು ಇಂದ್ರಿಯಗಳುಳ್ಳ, ಭಯವನ್ನು ಬಲ್ಲ ಜೀವದ ವಿಷಯದಲ್ಲಿ ಇದು ಸಂಕಲ್ಪೀ ಹಿಂಸೆಯಲ್ಲದೆ ಬೇರೇನಾಗಲು ಸಾಧ್ಯ? ಸಂಕಲ್ಪದ ಭಾರವೆಷ್ಟೆಂಬುದನ್ನು ಜನ್ನ ಮಹಾಕವಿಯ ಯಶೋಧರಚರಿತೆಯನ್ನು ಕೇಳಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಹಿಟ್ಟಿನ ಕೋಳಿಯನ್ನು ಜೀವವೆಂದು ಬಗೆದು ಕಡಿದದ್ದಕ್ಕೆ ಜನ್ಮಾಂತರಗಳ ಬವಣೆ; ಇಲ್ಲಿ ಜೀವವನ್ನೇ ಹಿಟ್ಟೆಂದು ಬಗೆದು ಕೊಬ್ಬಿಸುತ್ತಾರೆ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಪ್ರಾಣಿಯನ್ನು ಕಟ್ಟಿಹಾಕುವುದು, ಕೊನೆಯದು ಅದರ ಅನ್ನಪಾನಗಳನ್ನು ತಡೆಯುವುದು. ಕೊನೆಯದನ್ನು ಸರಿಪಡಿಸಿದೆವೆಂದು ಮೊದಲನೆಯದಕ್ಕೆ ಕ್ಷಮೆ ದೊರೆಯುವುದೆಂಬ ವಿನಾಯಿತಿ ಅಲ್ಲಿಲ್ಲ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ವಾದವುಂಟು. ನಾವು ಒಪ್ಪಿದರೂ ಒಪ್ಪದಿದ್ದರೂ ಆ ಮೊಲಗಳು ಹುಟ್ಟುತ್ತವೆ, ಸಾಯುತ್ತವೆ. ಇರುವ ಎರಡು ತಿಂಗಳಾದರೂ ಹೊಟ್ಟೆನೋವಿಲ್ಲದೆ ಇರಲಿ ಎಂಬುದು ಕರುಣೆಯಲ್ಲವೇ? ಕರುಣೆಯೇ ಸರಿ. ನರಳುವ ಮರಿಯೊಂದರ ಭೇದಿ ನಿಂತರೆ ಅದು ಒಳ್ಳೆಯದೇ. ಆದರೆ ಮೊಲಸಾಕಣೆಯ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಮೇವಿನದು. ಮೇವು ಅಗ್ಗವಾಗಿ, ಮಧ್ಯದಲ್ಲಿ ಸಾಯುವವು ಕಡಿಮೆಯಾದರೆ ಲಾಭ ಏರುತ್ತದೆ. ಲಾಭ ಏರಿದಲ್ಲಿ ಪಂಜರಗಳ ಸಾಲು ಬೆಳೆಯುತ್ತದೆ. ಮರಿಯ ನೋವು ತಗ್ಗಿಸಿದ ಹಿಪ್ಪೆಯೇ ಮರಿಗಳ ಸಂಖ್ಯೆಯನ್ನು ಹೆಚ್ಚಿಸುವ ಬಂಡವಾಳವೂ ಆಗುತ್ತದೆ. ಈ ಎರಡನೆಯ ಫಲವನ್ನು ಎಣಿಸದೆ ಮೊದಲನೆಯದನ್ನು ಮಾತ್ರ ಎಣಿಸುವವನು, ಕೃತ ಕಾರಿತಗಳಿಂದ ಪಾರಾಗಿದ್ದರೂ ಅನುಮೋದನೆಯಿಂದ ಪಾರಾಗಲಾರ.

ಇದು ದೂರದ ಸ್ಪೇನಿನ ಸಂಗತಿ, ನಮಗೇಕೆ ಎನ್ನಲಾಗದು. ನಮ್ಮ ನೆರೆಯ ಕೊಡೈಕನಾಲ್ ಬಳಿಯ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರವಿದ್ದು ಮಾಂಸದ ಮೊಲಗಳ ತಳಿ ಅಲ್ಲಿ ಬೆಳೆಯುತ್ತಿದೆ. ಸಣ್ಣ ರೈತನಿಗೆ ಕಡಿಮೆ ಬಂಡವಾಳದ ಉದ್ಯೋಗವೆಂದು ಮೊಲಸಾಕಣೆಯನ್ನು ಪ್ರಚಾರ ಮಾಡುವುದು ಕರ್ನಾಟಕಕ್ಕೂ ಹೊಸದಲ್ಲ. ಇತ್ತ ನಮ್ಮ ಸಮಾಜದಲ್ಲಿ ಬೇಳೆಯ ಗಿರಣಿ, ಎಣ್ಣೆಯ ಗಾಣ, ಹಿಟ್ಟಿನ ಗಿರಣಿಗಳನ್ನು ನಡೆಸುವವರು ಕಡಿಮೆಯಿಲ್ಲ. ಹೊಟ್ಟು, ನುಚ್ಚು, ತೌಡು, ಬೂಸಾ, ಹಿಂಡಿಗಳು ಅವರ ಅಂಗಳದಲ್ಲಿಯೇ ರಾಶಿ ಬೀಳುತ್ತವೆ. ಅದನ್ನು ಕೊಳ್ಳಲು ಬರುವವನು ಯಾರು, ಮುಂದೆ ಅದು ಯಾವ ಪಂಜರದ ಮುಂದೆ ಸುರಿಯುತ್ತದೆ ಎಂದು ವಿಚಾರಿಸುವವರೆಷ್ಟು ಮಂದಿ? ಸಾರಾಯಿಯ ವ್ಯಾಪಾರವನ್ನು ಮೂಗು ಮುಚ್ಚಿ ದೂರವಿಟ್ಟ ಮನೆತನಗಳು ಇಲ್ಲಿ ಮಾತ್ರ ತಕ್ಕಡಿಯ ಮುಳ್ಳನ್ನಷ್ಟೇ ನೋಡುತ್ತವೆ.

ಉಳಿಕೆ ಕೊಳೆತು ಹೋಗಲಿ ಎಂದು ಯಾರೂ ಹೇಳುತ್ತಿಲ್ಲ. ದ್ರಾಕ್ಷಿಯ ಬೀಜದಿಂದ ಎಣ್ಣೆ ತೆಗೆಯುತ್ತಾರೆ, ಸೇಬಿನ ಹಿಪ್ಪೆಯಿಂದ ಜಾಮಿಗೆ ಬೇಕಾದ ಪೆಕ್ಟಿನ್ ತೆಗೆಯುತ್ತಾರೆ. ಯಾವುದಕ್ಕೂ ಬಾರದ್ದು ಗೊಬ್ಬರವಾಗಿ ಹೊಲಕ್ಕೇ ಮರಳಬಹುದು. ಬೂಸಾ ಹಿಂಡಿಗಳ ಅಭಾವದಿಂದ ಬೇಸಗೆಯಲ್ಲಿ ಬಡಕಲಾಗುವ ಮುದಿ ದನಗಳು ನಮ್ಮ ಗೋಶಾಲೆಗಳಲ್ಲಿಯೂ ಪಾಂಜರಾಪೋಳಗಳಲ್ಲಿಯೂ ಇವೆ. ನಾರುಳ್ಳ ಮೇವಿನಿಂದ ಮೊಲದ ಕರುಳು ಹೇಗೆ ಸುಧಾರಿಸುತ್ತದೆಂಬ ಜ್ಞಾನವೂ ವ್ಯರ್ಥವಾಗಬೇಕಾಗಿಲ್ಲ. ಕೈಬಿಟ್ಟ ಸಾಕುಮೊಲಗಳನ್ನು ಆಶ್ರಯಕ್ಕೆ ತೆಗೆದುಕೊಂಡು ಅವುಗಳ ಆಯುಷ್ಯ ಇರುವಷ್ಟು ದಿನ ನೋಡಿಕೊಳ್ಳುವವರಿಗೆ ಅದೇ ಜ್ಞಾನ ಬೇಕು. ಗಿರಣಿಯ ಒಡೆಯರು ಈ ವರ್ಷದ ಹೊಟ್ಟು ಹಿಂಡಿಗಳ ಕರಾರು ಬರೆಯುವಾಗ ಕೊಳ್ಳುವವನ ವಿಳಾಸದ ಕೆಳಗೆ ‘ಯಾವ ಪ್ರಾಣಿಗೆ’ ಎಂಬ ಇನ್ನೊಂದು ಸಾಲನ್ನು ಸೇರಿಸಿ, ಉತ್ತರವನ್ನು ಓದಿಯೇ ರುಜು ಹಾಕಲಿ.