ಮನೆವಾರ್ತೆ: ದೊಡ್ಡ ಕಡತಗಳನ್ನು ಸಾಗಿಸುವ ಸಾಧನ

ಗಣಕಯಂತ್ರವು ಈಗ ಅನೇಕ ಸಂಸಾರಗಳಲ್ಲಿ ಬೀರು ಪೆಟ್ಟಿಗೆಗಳಂತೆಯೇ ಮನೆಯ ಸಾಮಾನಾಗಿದೆ. ಮದುವೆ ಮುಂಜಿಗಳ ಚಿತ್ರಗಳು, ಮಕ್ಕಳ ತೊದಲುನುಡಿ, ಗತಿಸಿದ ಹಿರಿಯರ ಧ್ವನಿ, ಇವೆಲ್ಲವೂ ಅದರ ಹೊಟ್ಟೆಯನ್ನು ಸೇರಿರುತ್ತವೆ. ಹಳೆಯ ಯಂತ್ರವನ್ನು ಬಿಟ್ಟು ಹೊಸದನ್ನು ಕೊಂಡಾಗ, ಅಥವಾ ಪರವೂರಿನಲ್ಲಿರುವ ಮಗಳಿಗೆ ಮದುವೆಯ ವೀಡಿಯೋವನ್ನು ತಲಪಿಸಬೇಕಾದಾಗ, ಈ ಕಡತಗಳನ್ನು ಯಾವುದರಲ್ಲಿ ಸಾಗಿಸಬೇಕೆಂಬ ಪ್ರಶ್ನೆಯು ಏಳುತ್ತದೆ. ಆ ವಿಚಾರವಾಗಿ ನಾಲ್ಕು ಮಾತುಗಳನ್ನು ಈ ತಿಂಗಳು ವಾಚಕರ ಮುಂದಿಡಲು ಬಯಸುತ್ತೇವೆ.

ಅಂತರಜಾಲದ ಮೂಲಕವೇ ಕಳುಹಿಸಬಾರದೇಕೆಂದು ಕೆಲವರು ಕೇಳಬಹುದು. ಚಿಕ್ಕ ಕಡತಗಳಿಗೆ ಅದೇ ಸುಲಭವಾದ ಮಾರ್ಗ. ಆದರೆ ೧೦೦ ಗಿಗಾಬೈಟುಗಳ ಹೊರೆಯನ್ನು ಸೆಕೆಂಡಿಗೆ ೧೦ ಮೆಗಾಬಿಟ್ಟುಗಳ ವೇಗದಲ್ಲಿ ಕಳುಹಿಸುವುದಾದರೆ ೨೨ ಗಂಟೆಗಳಿಗೂ ಮಿಕ್ಕ ಕಾಲವು ಬೇಕು. ಅಂತಹ ಹೊರೆಗೆ ಕೈಯಲ್ಲಿ ಹಿಡಿದೊಯ್ಯುವ ಸಾಧನವೇ ಲೇಸು.

ಇಂತಹ ಸಾಧನಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಪೆನ್‌ಡ್ರೈವ್. ೨೦೦೦ನೆಯ ಇಸವಿಯಲ್ಲಿ ಅದು ಮಾರುಕಟ್ಟೆಗೆ ಬಂದಾಗ ೮ ಮೆಗಾಬೈಟುಗಳನ್ನು ಹಿಡಿದರೆ ಹೆಚ್ಚಾಗಿತ್ತು. ಈಗ ೬೪, ೧೨೮ ಗಿಗಾಬೈಟಿನವು ಸರ್ವೇಸಾಮಾನ್ಯ. ಎರಡನೆಯದು ಹಾರ್ಡ್‌ಡಿಸ್ಕ್. ಇದರೊಳಗೆ ತಿರುಗುವ ತಟ್ಟೆಗಳಿರುವುದರಿಂದ ಕೈಜಾರಿ ಬಿದ್ದರೆ, ವಿಶೇಷವಾಗಿ ಕೆಲಸ ನಡೆದಿರುವಾಗ ಬಿದ್ದರೆ, ಕೆಡುವ ಭಯವುಂಟು. ಆದರೆ ಹಿಡಿಸುವ ಮೊತ್ತಕ್ಕೆ ಹೋಲಿಸಿದರೆ ಬೆಲೆಯು ಅಗ್ಗ. ಮೂರನೆಯದು ಎಸ್‌ಎಸ್‌ಡಿ. ಇದರಲ್ಲಿ ಚಲಿಸುವ ಭಾಗಗಳಿಲ್ಲ. ವೇಗವೂ ಹೆಚ್ಚು, ಬೆಲೆಯೂ ಹೆಚ್ಚು. ಹತ್ತಿಪ್ಪತ್ತು ಗಿಗಾಬೈಟುಗಳನ್ನು ಆಗಾಗ ಒಯ್ಯುವವರಿಗೆ ಒಳ್ಳೆಯ ಪೆನ್‌ಡ್ರೈವ್ ಸಾಕು. ನೂರಾರು ಗಿಗಾಬೈಟುಗಳನ್ನು ಮೇಲಿಂದ ಮೇಲೆ ಪ್ರಯಾಣದಲ್ಲಿ ಒಯ್ಯುವವರು ಎಸ್‌ಎಸ್‌ಡಿಯನ್ನು ಕೊಳ್ಳುವುದು ಯುಕ್ತ. ಮೇಜಿನ ಮೇಲೆಯೇ ಇರತಕ್ಕ ಸಾಧನವಾದರೆ ಹಾರ್ಡ್‌ಡಿಸ್ಕಿನಿಂದ ಹಣವು ಉಳಿಯುತ್ತದೆ.

ವೇಗದ ವಿಚಾರದಲ್ಲಿ ಒಂದು ಸಂಗತಿಯನ್ನು ನೆನಪಿಡತಕ್ಕದ್ದು. ಕೊಡದ ಹೊಟ್ಟೆಯು ಎಷ್ಟು ದೊಡ್ಡದಾದರೂ ನೀರು ತುಂಬುವುದು ಅದರ ಬಾಯಿಯ ಅಳತೆಗೆ ತಕ್ಕಂತೆ. ಸಾಧನ, ತಂತಿ, ಯಂತ್ರದ ಕಿಂಡಿ, ಈ ಮೂರರಲ್ಲಿ ಯಾವುದು ನಿಧಾನವೋ ಅದರ ವೇಗವೇ ಕೊನೆಗೆ ದೊರೆಯುವುದು. ಹಳೆಯ ಯುಎಸ್‌ಬಿ ೨.೦ ಕಿಂಡಿಯಲ್ಲಿ ಸೆಕೆಂಡಿಗೆ ೩೦ ಮೆಗಾಬೈಟುಗಳು ಸಾಗಿದರೆ, ೧೦೦ ಗಿಗಾಬೈಟುಗಳಿಗೆ ಸುಮಾರು ೫೫ ನಿಮಿಷಗಳು ಬೇಕು. ೨೦೦೮ರಲ್ಲಿ ಬಂದ ಯುಎಸ್‌ಬಿ ೩.೦ ಕಿಂಡಿಗೆ ಎಸ್‌ಎಸ್‌ಡಿಯನ್ನು ಸೇರಿಸಿ ೪೦೦ ಮೆಗಾಬೈಟುಗಳ ವೇಗವು ದೊರೆತರೆ, ನಾಲ್ಕೈದು ನಿಮಿಷಗಳಲ್ಲಿ ಕೆಲಸವು ಮುಗಿಯುತ್ತದೆ. ಟೈಪ್‌ ಸಿ ಎಂಬುದು ಕಿಂಡಿಯ ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಅದನ್ನು ಕಂಡಮಾತ್ರಕ್ಕೆ ಮೋಸಹೋಗಕೂಡದು.

ಸಾಧನದಲ್ಲಿ ಬೇಕಾದಷ್ಟು ಜಾಗವಿದ್ದರೂ ವೀಡಿಯೋ ಒಳಗೆ ಹೋಗದೆ ನಿಲ್ಲುವುದುಂಟು. ಅನೇಕ ಪೆನ್‌ಡ್ರೈವುಗಳನ್ನು ಎಫ್‌ಎಟಿ೩೨ ಎಂಬ ಪದ್ಧತಿಯಲ್ಲಿ ಅಣಿಗೊಳಿಸಿರುವುದೇ ಇದಕ್ಕೆ ಕಾರಣ. ಈ ಪದ್ಧತಿಯು ೪ ಗಿಗಾಬೈಟುಗಳಷ್ಟು ದೊಡ್ಡದಾದ ಒಂಟಿ ಕಡತವನ್ನು ಸ್ವೀಕರಿಸದು. ಎಕ್ಸ್‌ಫ್ಯಾಟ್ ಪದ್ಧತಿಗೆ ಬದಲಾಯಿಸಿದರೆ ಈ ತೊಡಕು ನೀಗುತ್ತದೆ. ವಿಂಡೋಸ್ ಯಂತ್ರವೂ ಮ್ಯಾಕ್ ಯಂತ್ರವೂ ಅದನ್ನು ಓದಬಲ್ಲವು, ಬರೆಯಬಲ್ಲವು. ಎನ್‌ಟಿಎಫ್‌ಎಸ್ ಪದ್ಧತಿಯದಾದರೆ ಮ್ಯಾಕ್ ಯಂತ್ರವು ತಾನಾಗಿ ಓದುವುದೇ ಹೊರತು ಬರೆಯದು. ಆದರೆ ಪದ್ಧತಿಯನ್ನು ಬದಲಾಯಿಸುವಾಗ ಸಾಧನದಲ್ಲಿದ್ದುದೆಲ್ಲವೂ ಅಳಿಸಿಹೋಗುವುದರಿಂದ, ಅದನ್ನು ಮೊದಲು ಬರಿದು ಮಾಡಿಕೊಳ್ಳಬೇಕು.

ಕೊಳ್ಳುವಾಗ ಅತಿ ಅಗ್ಗವಾದುದನ್ನು ಕಂಡು ಹಿಗ್ಗಬಾರದು. ೬೪ ಗಿಗಾಬೈಟಿನ ಸಾಧನವನ್ನು ವಿಂಡೋಸ್ ಯಂತ್ರವು ಸುಮಾರು ೫೯.೬ ಎಂದು ತೋರಿಸಿದರೆ ಅದು ವಂಚನೆಯಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಯಂತ್ರವು ೧೦೨೪ರ ಲೆಕ್ಕದಲ್ಲಿ ಎಣಿಸುತ್ತದೆ. ಆದರೆ ೮ ಗಿಗಾಬೈಟು ಮಾತ್ರ ಹಿಡಿಯುವುದನ್ನು ೧೨೮ ಎಂದು ಮಾರುವ ನಕಲಿ ಸಾಧನಗಳೂ ಉಂಟು. ಅವು ಕಡತಗಳನ್ನೆಲ್ಲ ನುಂಗಿದಂತೆ ನಟಿಸಿ, ತೆರೆದಾಗ ಕೈಕೊಡುತ್ತವೆ. ಹೊಸ ಸಾಧನವನ್ನು ಒಮ್ಮೆ ಪೂರ್ತಿಯಾಗಿ ತುಂಬಿಸಿ, ತುಂಬಿದುದನ್ನು ಮರಳಿ ತೆರೆದು ಪರೀಕ್ಷಿಸುವುದು ಬುದ್ಧಿವಂತಿಕೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆಯಿದೆ. ಸುಗ್ಗಿಯ ಧಾನ್ಯವನ್ನು ಗಾಡಿಯಲ್ಲಿ ಹೇರಿ ತಂದ ರೈತನು ಅದನ್ನು ಗಾಡಿಯಲ್ಲಿಯೇ ಬಿಟ್ಟು ಮಲಗುವನೆ? ಕಣಜಕ್ಕೆ ತುಂಬಿಸಿದ ಬಳಿಕವಲ್ಲವೆ ಅವನಿಗೆ ನಿದ್ರೆ! ಸಾಗಿಸುವ ಸಾಧನವು ಗಾಡಿ ಮಾತ್ರ, ಕಣಜವಲ್ಲ. ಪೆನ್‌ಡ್ರೈವ್ ಚಿಕ್ಕ ವಸ್ತು. ಕಳೆದುಹೋಗಬಹುದು, ಬಟ್ಟೆಯೊಡನೆ ಒಗೆತಕ್ಕೂ ಬೀಳಬಹುದು. ಅದರಲ್ಲಿಯೂ ಎಸ್‌ಎಸ್‌ಡಿಯಲ್ಲಿಯೂ ಬರೆದುದು ವಿದ್ಯುತ್ತಿನ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಇದ್ದರೆ ಮಾಸಿಹೋಗುವ ಸಂಭವವೂ ಉಂಟು. ಆದುದರಿಂದ ಕಡತಗಳನ್ನು ‘ಕಟ್’ ಮಾಡಿ ಕಳುಹಿಸದೆ ‘ಕಾಪಿ’ ಮಾಡಿಯೇ ಕಳುಹಿಸತಕ್ಕದ್ದು. ಹೊಸ ಯಂತ್ರದಲ್ಲಿ ಅವನ್ನು ತೆರೆದು ನೋಡುವವರೆಗೆ ಹಳೆಯದನ್ನು ಅಳಿಸಕೂಡದು, ಮಾರಲೂ ಕೂಡದು. ಸಾಧನವನ್ನು ಕೀಳುವ ಮುನ್ನ ‘ಇಜೆಕ್ಟ್’ ಆಜ್ಞೆಯನ್ನು ಕೊಡತಕ್ಕದ್ದು. ಇಲ್ಲವಾದರೆ ಬರವಣಿಗೆಯು ಅರ್ಧಕ್ಕೆ ನಿಂತು ಕಡತವು ಕೆಡಬಹುದು. ಕೊನೆಗೆ, ಅಮೂಲ್ಯವಾದುದರ ಪ್ರತಿಗಳು ಎರಡು ಬೇರೆಬೇರೆ ಸಾಧನಗಳಲ್ಲಿ, ಸಾಧ್ಯವಾದರೆ ಎರಡು ಬೇರೆಬೇರೆ ಮನೆಗಳಲ್ಲಿ ಇರಲಿ.

ಸಾಧನವು ಕೆಟ್ಟರೆ ಅಂಗಡಿಯಲ್ಲಿ ಮತ್ತೊಂದು ದೊರೆಯುತ್ತದೆ. ಅಜ್ಜಿಯು ಹಾಡಿದ ಹಸೆಯ ಹಾಡು ಅಳಿದುಹೋದರೆ ಅದನ್ನು ಮಾರುವ ಅಂಗಡಿಯು ಎಲ್ಲಿಯೂ ಇಲ್ಲ. ಈ ವಿವೇಕವನ್ನು ಮುಂದಿಟ್ಟುಕೊಂಡು ನಮ್ಮ ವಾಚಕ ಸೋದರ ಸೋದರಿಯರು ಸಾಧನವನ್ನು ಆರಿಸಿಕೊಳ್ಳುವರೆಂದು ನಂಬುತ್ತೇವೆ.