ಟರ್ಬೋ ಗಾಡಿಗೂ ಕೀಲೆಣ್ಣೆ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಉಳ್ಳಾಗಡ್ಡಿ, ಶೇಂಗಾ, ಮೆಣಸಿನಕಾಯಿಗಳನ್ನು ಹೊತ್ತು ಗದಗ-ಬೆಟಗೇರಿಯ ಪೇಟೆಗೆ ಬರುವ ಗಾಡಿಗಳಲ್ಲಿ ಹಲವು ಈಗ ಟರ್ಬೋ ಉಳ್ಳವು. ಸಾಲ ಮಾಡಿ ಇಂತಹ ಗಾಡಿಯನ್ನು ಕೊಂಡ ಗೃಹಸ್ಥರು ಅದರ ಪೂಜೆಗೆ ತೋರುವ ಆಸ್ಥೆಯನ್ನು ಅದರ ಎಣ್ಣೆಗೆ ತೋರುವುದಿಲ್ಲ. ಆದಕಾರಣ ಈ ತಿಂಗಳು ಆ ವಿಷಯವನ್ನೇ ಎತ್ತಿಕೊಂಡಿರುವೆವು.

ಇಂಜಿನ್ನು ಹೊರಚೆಲ್ಲುವ ಬಿಸಿ ಹೊಗೆಯನ್ನು ವ್ಯರ್ಥಗೊಳಿಸದ ಈ ಉಪಾಯಕ್ಕೆ ಸ್ವಿಸ್ ಯಂತ್ರಜ್ಞನಾದ ಆಲ್ಫ್ರೆಡ್ ಬ್ಯೂಖಿಯು ೧೯೦೫ರಲ್ಲಿ ಪೇಟೆಂಟು ಪಡೆದನು. ಹೊಗೆಯ ರಭಸಕ್ಕೆ ಒಂದು ಗಾಲಿ ತಿರುಗುವುದು. ಅದೇ ದಂಡದ ಇನ್ನೊಂದು ತುದಿಯ ಗಾಲಿಯು ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವುದು. ಒತ್ತಿದ ಗಾಳಿ ಬಿಸಿಯಾಗುವುದರಿಂದ ನಡುವೆ ಇಂಟರ್‌ಕೂಲರ್ ಇಟ್ಟು ತಣಿಸುವರು.

ದಂಡವೋ ಪೆನ್ಸಿಲ್ಲಿನಷ್ಟು ಸಣ್ಣದು. ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತುವುದು. ಲೋಹವು ಲೋಹವನ್ನು ತಾಗದಂತೆ ಕಾಯುವುದು ತೆಳುವಾದ ಎಣ್ಣೆಯ ಪದರವೊಂದೇ. ಕಾವನ್ನು ಹೊತ್ತೊಯ್ಯುವುದೂ ಅದೇ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ಸ್ನೇಹವೆಂದೇ ಹೆಸರು. ಎಣ್ಣೆಯುಂಡ ಅಚ್ಚಿನಂತೆ ಅಭ್ಯಂಗದಿಂದ ದೇಹವು ದೃಢವಾಗುವುದೆಂದು ಚರಕಸಂಹಿತೆಯಲ್ಲಿ ಹೇಳಿದೆ. ಕೀಲೆಣ್ಣೆ ಹಾಕದೆ ಚಕ್ಕಡಿ ಹೂಡದ ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಅನರ್ಥವೆಲ್ಲ ಗಾಡಿ ನಿಂತ ಮೇಲೆ. ಹೇರು ಹೊತ್ತು ವೇಗದಿಂದ ಬಂದವನು ಪೇಟೆಯಲ್ಲಿ ನಿಂತೊಡನೆ ಕೀಲಿ ತಿರುವಿದರೆ ಎಣ್ಣೆಯ ಪಂಪು ನಿಲ್ಲುವುದು. ಹೊಗೆಗಾಲಿಯ ಕಾವು ಬೇರಿಂಗಿಗೆ ಹರಿದು, ಅಲ್ಲಿ ನಿಂತ ಎಣ್ಣೆಯು ಬಾಣಲೆಯ ತಳದ ಕರಕಿನಂತೆ ಗಟ್ಟಿಯಾಗುವುದು. ದಿನದಿನವೂ ಹೀಗಾದರೆ ಎಣ್ಣೆಯ ಕಿರುದಾರಿ ಕಟ್ಟಿ, ದಂಡವು ಒಣಗಿ ಸವೆದು, ಸುಗ್ಗಿಯ ನಡುವೆಯೇ ಗಾಡಿ ಮೂಲೆ ಸೇರುವುದು. ಸಾಲದ ಕಂತು ಮಾತ್ರ ನಿಲ್ಲದು. ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನ ಡಬ್ಲ್ಯೂಡಿಜಿ-೪ ರೈಲು ಇಂಜಿನ್ನುಗಳಲ್ಲಿ, ಇಂಜಿನ್ನು ನಿಂತ ಬಳಿಕವೂ ವಿದ್ಯುತ್ತಿನ ಪಂಪೊಂದು ಅರ್ಧ ಗಂಟೆಯಷ್ಟು ಹೊತ್ತು ಟರ್ಬೋವಿಗೆ ಎಣ್ಣೆಯುಣಿಸುವುದು. ಅನೇಕ ಪೆಟ್ರೋಲ್ ಕಾರುಗಳಲ್ಲಿ ಬೇರಿಂಗಿನ ಸುತ್ತ ನೀರಿನ ದಾರಿಯೂ ಉಂಟು. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿದು ತಾನಾಗಿಯೇ ಸುತ್ತುವುದು.

ನಮ್ಮ ಹೇರುಗಾಡಿಗಳಿಗೆ ಅಂತಹ ಪಂಪು ಎಲ್ಲಿಯದು? ನಿಲ್ಲಿಸುವ ಮುನ್ನ ಇಂಜಿನ್ನನ್ನು ಒಂದೆರಡು ನಿಮಿಷ ಮೆಲ್ಲನೆ ತಿರುಗಲು ಬಿಡಬೇಕು. ಆ ಡೀಸೆಲ್ಲನ್ನು ದಂಡವೆಂದೆಣಿಸುವವರ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. ಬೆಳಿಗ್ಗೆ ಚಾಲೂ ಮಾಡಿದೊಡನೆ ರೇಸು ಕೊಡಲೂ ಬಾರದು. ನೀಲಿ ಹೊಗೆ ಕಂಡು ಹೊಸ ಟರ್ಬೋ ಕೊಳ್ಳಲು ಹೊರಟವರು ಮೊದಲು ಎಣ್ಣೆ ಹಿಂದಿರುಗುವ ಕೊಳವೆಯನ್ನು ಬಿಚ್ಚಿ ನೋಡಿಸಲಿ. ಎಣ್ಣೆಯು ಅದರಲ್ಲಿ ತನ್ನ ಭಾರದಿಂದಲೇ ಇಳಿಯತಕ್ಕದ್ದು; ಅದು ಕಟ್ಟಿದ್ದರೆ ಹೊಸ ಟರ್ಬೋವೂ ಸೋರುವುದು.