ಪಾಳುಬಿದ್ದ ಜಾಗ ಯಾರಪ್ಪನ ಆಸ್ತಿ?

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಯುವಕ ಯುವತಿಯರೇ,

ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲ ನಾಡಿನಲ್ಲಿ ದುಡ್ಡು ಕೊಡದೆ ಕೂಡಬಹುದಾದ ನೆರಳು ಎಷ್ಟಿದೆ? ನಿಮ್ಮ ಮನೆಯ ಹಿರಿಯರು ಸಂಜೆ ಎಲ್ಲಿ ಕೂಡುತ್ತಾರೆ? ಮಕ್ಕಳು ಎಲ್ಲಿ ಆಡುತ್ತಾರೆ?

ಜಾಗವಿಲ್ಲ ಎನ್ನುತ್ತಾರೆ ಪುಢಾರಿಗಳು. ಶುದ್ಧ ಸುಳ್ಳು! ನಿಮ್ಮ ವಾರ್ಡನ್ನು ಒಂದು ಸುತ್ತು ಹಾಕಿ. ಬಾಗಿಲು ಕಿತ್ತುಹೋದ ಸರ್ಕಾರಿ ಕ್ವಾರ್ಟರ್ಸ್, ಬೀಗ ಜಡಿದ ಹಳೆಯ ಕಚೇರಿ, ನೀರೇರದ ಟ್ಯಾಂಕಿನ ಅಂಗಳ, ಕಸ ತುಂಬಿದ ಬಾವಿ ಹುಡುಕಿ. ಇಂದು ಅಲ್ಲಿ ಜಾಲಿ ಮುಳ್ಳು, ಸೆರೆ ಬಾಟಲಿ. ನಾಳೆ ತಂತಿ ಬೇಲಿ, ನಾಡಿದ್ದು ಡಬ್ಬಾ ಅಂಗಡಿ, ಆಮೇಲೆ ಯಾರದೋ ಕಾಂಪ್ಲೆಕ್ಸು! ಎಷ್ಟೋ ಸಲ ಜಾಗ ತಾನಾಗಿ ಪಾಳು ಬೀಳುವುದಿಲ್ಲ, ಬೀಳಲೆಂದೇ ಬಿಡುತ್ತಾರೆ.

ನನ್ನದು ಪ್ರಿಂಟಿಂಗ್ ಪ್ರೆಸ್. ಪ್ರತಿ ಚುನಾವಣೆಯಲ್ಲೂ 'ಸುಂದರ ನಗರ'ದ ಕರಪತ್ರ ಅಚ್ಚಿಗೆ ಬರುತ್ತದೆ. ಹೆಸರು, ಫೋಟೋ ಬದಲಿಸಿದರೆ ಸಾಕು. ಭರವಸೆ ಬದಲಿಸುವ ಕೆಲಸವೇ ಇಲ್ಲ!

ಆಗದ ಮಾತು ಎನ್ನುವವರಿಗೆ ಬೆಂಗಳೂರಿನ ಫ್ರೀಡಂ ಪಾರ್ಕ್ ತೋರಿಸಿ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಕೂಡಿಹಾಕಿದ್ದ ಸೆಂಟ್ರಲ್ ಜೈಲು ಅದು. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಊರ ನಡುವಿನ ಆ ಬಂಗಾರದಂಥ ಜಾಗ 2008ರಲ್ಲಿ ಜನರ ಪಾರ್ಕ್ ಆಯಿತು. ದೂರದ ನ್ಯೂಯಾರ್ಕಿನಲ್ಲೂ 1980ರಲ್ಲಿ ಗೂಡ್ಸ್ ರೈಲು ನಿಂತುಹೋದ ಮೇಲ್ಸೇತುವೆ ಕೆಡವಲು ಹೊರಟಿದ್ದರು. 1999ರಲ್ಲಿ ಅಲ್ಲಿನ ಜನ ಸಂಘ ಕಟ್ಟಿ ಹೋರಾಡಿದರು. 2009ರಿಂದ ಅದು 'ಹೈಲೈನ್' ಉದ್ಯಾನ. ಎರಡು ಮಹಾನಗರಗಳಲ್ಲಿ ಆದದ್ದು ನಮ್ಮ ಮೂರು ಊರುಗಳಲ್ಲಿ ಏಕಾಗಬಾರದು?

ಕಾಯ್ದೆಯೂ ನಮ್ಮ ಕಡೆಗಿದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲು 1985ರಲ್ಲೇ ಕರ್ನಾಟಕ ಕಾಯ್ದೆ ಮಾಡಿದೆ. ಬೆಂಗಳೂರಿನಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಸುಪ್ರೀಂ ಕೋರ್ಟಿನ ತನಕ ಹೋರಾಡಿ 1991ರಲ್ಲಿ ಗೆದ್ದರು. ಒಮ್ಮೆ ಪಾರ್ಕ್ ಎಂದು ದಾಖಲೆಯಲ್ಲಿ ಬರೆಸಿದರೆ ನುಂಗುವುದು ಸುಲಭವಲ್ಲ!

ಹಣವಿಲ್ಲವೇ? 371ಜೆ ಬಂದಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ. ನಾವು ಕೇಳುವುದು ಕಾರಂಜಿಯನ್ನಲ್ಲ, ಸಿಮೆಂಟಿನ ಜಿಂಕೆಯನ್ನಲ್ಲ. ಅವು ಗುತ್ತಿಗೆದಾರರ ಸೊಗಸು. ನಮ್ಮ ಬಿಸಿಲು ತಡೆಯುವ ಬೇವು, ಹೊಂಗೆ, ಹುಣಸೆ ನೆಡಿ. ಕಲ್ಲಿನ ಕಟ್ಟೆ, ಕುಡಿಯುವ ನೀರು, ರಾತ್ರಿ ಒಂದು ದೀಪ ಕೊಡಿ. ಅಷ್ಟೇ.

ಅಶೋಕನ ಹೆಸರು ಕೆತ್ತಿದ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ದಾರಿಹೋಕರಿಗಾಗಿ ಬಾವಿ ತೋಡಿಸಿದೆ, ಮರ ನೆಡಿಸಿದೆ ಎಂದು ಬೇರೆ ಶಾಸನಗಳಲ್ಲಿ ಬರೆಸಿದ ದೊರೆ ಅವನು. ಎರಡು ಸಾವಿರ ವರ್ಷದ ಹಿಂದಿನ ರಾಜನಿಗೆ ಇದ್ದ ಬುದ್ಧಿ ನಮ್ಮ ಕೌನ್ಸಿಲರುಗಳಿಗೆ ಬೇಡವೇ?

ಗೆಳೆಯರೇ, ಘೋಷಣೆ ಕೂಗಿ ಮನೆಗೆ ಹೋಗಬೇಡಿ. ಈ ವಾರವೇ ನಿಮ್ಮ ವಾರ್ಡಿನ ಪಾಳು ಜಾಗಗಳ ಪಟ್ಟಿ ಮಾಡಿ. ಸರ್ವೆ ನಂಬರ್ ಯಾರ ಹೆಸರಿನಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಪಾರ್ಕ್ ಎಂದು ದಾಖಲಿಸಲು ಮುಖ್ಯಾಧಿಕಾರಿ, ಪೌರಾಯುಕ್ತರಿಗೆ ಬರಹದಲ್ಲಿ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಆ ಪಾಳು ಜಾಗದಲ್ಲೇ ಧರಣಿ ಕೂಡೋಣ.

ಮನವಿ ಪತ್ರ ನಾನು ಪುಕ್ಕಟೆ ಅಚ್ಚು ಹಾಕಿ ಕೊಡುತ್ತೇನೆ. ಸಹಿ ನಿಮ್ಮದಿರಲಿ!